ಸತ್ತವರಿಗೆ ನೆಲ ಬೇಕು, ಇದ್ದವರಿಗೆ ಸಾಲ ಬೇಡ

(ಮಾರಿಕಣಿವೆಯಲ್ಲಿ ಸೇರಿದ್ದ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು. ಆಡಿದ ಹಾಗೇ ಬರೆದುಕೊಂಡದ್ದು.)



ಹಾಸ್ಟೆಲ್ ಹುಡುಗರ ಸಭೆ ಅಂದ್ರೆ ಓದು, ಕೆಲಸ, ಮೀಸಲಾತಿ, ಸ್ಕಾಲರ್‌ಶಿಪ್ಪು ಇವುಗಳ ಬಗ್ಗೆ ಮಾತಾಡೋದು ವಾಡಿಕೆ. ನಾನು ಇವತ್ತು ಹೆಣದ ಬಗ್ಗೆ ಮಾತಾಡೋಕೆ ಬಂದಿದ್ದೀನಿ. ಹಿಂದೆ ಕೂತಿರೋ ಹುಡುಗರು ನಗ್ತಾ ಇದ್ದೀರಿ. ನಗ್ರಪ್ಪ, ತಪ್ಪಿಲ್ಲ. ನಿಮ್ಮ ವಯಸ್ಸಿನಲ್ಲಿ ಸಾವು ಅಂದ್ರೆ ಪಕ್ಕದ ಮನೆ ಸುದ್ದಿ. ನನಗೂ ಹಾಗೇ ಇತ್ತು.

1986ರಲ್ಲಿ ನಾನು ಹಿರಿಯೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ಓದ್ತಿದ್ದೆ. ಒಂದು ಮಧ್ಯಾಹ್ನ ಚಿಕ್ಕಪ್ಪ ಸೈಕಲ್ ತುಳ್ಕೊಂಡು ಬಂದು ಗೇಟಿನ ಹತ್ರ ನಿಂತಿದ್ದ. "ಅಪ್ಪಂಗೆ ಒಸಿ ಹುಷಾರಿಲ್ಲ, ಬಾರೋ" ಅಂದ. ಹಿಂದೆ ಹತ್ತಿ ಕೂತೆ. ಅರ್ಧ ದಾರಿಗೆ ಬರೋ ಹೊತ್ತಿಗೆ ಅವನ ಬೆನ್ನು ನಡುಗ್ತಾ ಇತ್ತು. ಆಗ ಗೊತ್ತಾಯ್ತು.

ನಮ್ಮಪ್ಪ ಊರಿಗೆಲ್ಲ ಗುಂಡಿ ತೋಡಿದ ಮನುಷ್ಯ. ಮೇಲಿನವರ ಮನೇಲಿ ಸಾವಾದ್ರೆ ಸುತ್ತಲ ಹಳ್ಳಿಗಳಿಗೆ ನಡ್ಕೊಂಡು ಹೋಗಿ ಸುದ್ದಿ ಮುಟ್ಟಿಸೋನು ಅವನೇ. ಬಂದು ಗುಂಡಿ ತೋಡೋನು ಅವನೇ. ಹೆಣದ ಮುಂದೆ ತಮಟೆ ಬಡಿಯೋನೂ ಅವನೇ. ಅದಕ್ಕೆ ಕೂಲಿ ಅಂತ ಇರಲಿಲ್ಲ. ಮೊರದಲ್ಲಿ ಒಂದಿಷ್ಟು ರಾಗಿ, ಹೆಣದ ಮೇಲೆ ಹೊದಿಸಿದ ಬಟ್ಟೆ, ಅಷ್ಟೆ. ಅಂಥವನು ಸತ್ತಾಗ ಊರಿನ ಸುಡುಗಾಡಿನಲ್ಲಿ ಅವನಿಗೆ ಆರಡಿ ಮೂರಡಿ ಜಾಗ ಇಲ್ಲ! ಎಷ್ಟೋ ಜನರಿಗೆ ತನ್ನ ಕೈಯಾರೆ ತೋಡಿದ ನೆಲದಲ್ಲಿ ತಾನು ಮಲಗೋ ಹಾಗಿಲ್ಲ.

ನೀವು ಹರಿಶ್ಚಂದ್ರನ ಕಥೆ ಓದಿರ್ತೀರಿ. ರಾಘವಾಂಕ ಬರೆದದ್ದು. ರಾಜ ಸುಡುಗಾಡು ಕಾಯೋ ವೀರಬಾಹುಕನ ಆಳಾಗಿ ನಿಂತ, ತನ್ನ ಮಗನ ಹೆಣಕ್ಕೇ ಸುಂಕ ಕೇಳಿದ. ಆ ಪಾಠ ಕೇಳಿ ಎಲ್ಲರೂ ಕಣ್ಣೀರು ಹಾಕ್ತಾರೆ. ಯಾರಿಗೆ? ಸ್ವಲ್ಪ ಕಾಲ ಸುಡುಗಾಡು ಕಾದ ರಾಜನಿಗೆ. ತಲೆತಲಾಂತರದಿಂದ ಅದನ್ನೇ ಕಾದುಕೊಂಡು ಬಂದ ವೀರಬಾಹುಕನ ಮಕ್ಕಳಿಗೆ ಯಾವ ಮೇಷ್ಟ್ರೂ ಅಳಲಿಲ್ಲ.

ಇರಲಿ. ನಮ್ಮೂರು ಇದೇ ಮಾರಿಕಣಿವೆಯ ಹಿನ್ನೀರಿನ ದಂಡೆಯದು. ವೇದಾವತಿಗೆ ಅಡ್ಡ ಹಾಕಿದ ಈ ಕಟ್ಟೆ ಮುಗಿದದ್ದು 1907ರಲ್ಲಿ. ನೀರು 130 ಅಡಿ ಮುಟ್ಟಿದರೆ ಕೋಡಿ. 1933ರಲ್ಲಿ ಒಂದು ಸಲ ಕೋಡಿ ಬಿತ್ತು. ಆಮೇಲೆ ಎಷ್ಟೋ ವರ್ಷ ಬೀಳಲೇ ಇಲ್ಲ. ನೀರು ಒಳಗೊಳಗೇ ಸರೀತಾ ಹೋಯ್ತು, ಬಿಟ್ಟ ಅಂಗಳದಲ್ಲಿ ಜಾಲಿ ಬೆಳೀತು. ಯಾರಿಗೂ ಬೇಡದ ಆ ಜಾಲಿ ನೆಲದಲ್ಲಿ ನಮ್ಮ ಕೇರಿಯವರು ಹೆಣ ಹೂಳ್ತಾ ಬಂದ್ರು. ಅದು ಕೊಟ್ಟ ಜಾಗ ಅಲ್ಲ, ಯಾವ ಕಾಗದದಲ್ಲೂ ಇಲ್ಲ. ಅಪ್ಪನ್ನೂ ಅಲ್ಲೇ ಮಣ್ಣು ಮಾಡಿದ್ವಿ. ತಲೆ ಕಡೆ ಒಂದು ಕಲ್ಲು ನೆಟ್ಟು ಬಂದ್ವಿ.

ಅಷ್ಟಕ್ಕೇ ಮುಗೀಲಿಲ್ಲ. ಮೂರನೇ ದಿನ ಹಾಲುತುಪ್ಪ. ಹನ್ನೊಂದನೇ ದಿನ ತಿಥಿ. ಶಂಖ ಜಾಗಟೆ ಹಿಡಿದು ದಾಸಯ್ಯ ಬರಬೇಕು, ನೆಂಟರಿಗೆಲ್ಲ ಊಟ ಹಾಕಬೇಕು, ಕುರಿ ಕಡೀಬೇಕು. ಮಾಡದಿದ್ರೆ ಅಪ್ಪನ ಆತ್ಮ ಅಲೀತೈತೆ ಅಂತ ಹಿರಿಯರು ಹೆದರಿಸಿದ್ರು. ಅಣ್ಣ ತೋಟದ ಸಾಹುಕಾರರ ಹತ್ರ 2000 ರೂಪಾಯಿ ತಂದ. ಆ ಸಾಲಕ್ಕೆ ಮೂರು ವರ್ಷ ಅವರ ಅಡಕೆ ತೋಟದಲ್ಲಿ ನೀರು ಕಟ್ಟಿದ. ಜೀತ ಅಂತ ಇರಕೂಡದು ಅಂತ 1976ರಲ್ಲೇ ಕಾಯ್ದೆ ಬಂದಿತ್ತು. ಆದರೆ ಇದಕ್ಕೆ ಜೀತ ಅಂತ ಯಾರೂ ಹೆಸರಿಡಲಿಲ್ಲ. "ಅಪ್ಪನ ಸಾಲ" ಅಂದ್ರು. ಅಪ್ಪನ ಸಾಲ ಅಂದಮೇಲೆ ಬೇಡ ಅನ್ನೋ ಮಗ ಯಾರು?

ಇನ್ನೊಂದು ಮಾತನ್ನ ಮುಚ್ಚಿಡದೆ ಹೇಳಬೇಕು. ಆ ಹೊತ್ತಿಗೆ ನಾನು ಹಾಸ್ಟೆಲಿನಲ್ಲಿ ಭಾಷಣ ಮಾಡೋ ಹುಡುಗ. ಮೂಢನಂಬಿಕೆ ಸುಡಬೇಕು ಅಂತ ಬಾಯಿ ಮಾಡೋನು. ಮನೆಗೆ ಹೋದವನು ತಲೆ ಬೋಳಿಸಿಕೊಂಡು ಸುಮ್ಮನೆ ಕೂತೆ. ಬೇಡ ಅನ್ನೋಕೆ ಧೈರ್ಯ ಬರಲಿಲ್ಲ. ಬೇಡ ಅಂದ್ರೆ ಬದಲಿಗೆ ಏನು ಮಾಡಬೇಕು ಅನ್ನೋದೂ ಗೊತ್ತಿರಲಿಲ್ಲ. ಅದು ಗೊತ್ತಿಲ್ಲದೆ ಹೋದದ್ದಕ್ಕೆ ಅಣ್ಣ ಮೂರು ವರ್ಷ ದುಡಿದ. ನಾನು ಓದಿ ನೌಕರಿ ಹಿಡಿದೆ. ಇವತ್ತು ನಿಮ್ಮ ಮುಂದೆ ನಿಂತಿರೋದು ಅದಕ್ಕೇನೆ. ನಿಮಗಾದ್ರೂ ಮುಂಚೆ ಗೊತ್ತಿರಲಿ.

2022ರ ಸೆಪ್ಟೆಂಬರಿನಲ್ಲಿ, 89 ವರ್ಷ ಆದ ಮೇಲೆ, ಕಟ್ಟೆ ಮತ್ತೆ ಕೋಡಿ ಬಿತ್ತು. ನಿಮ್ಮಲ್ಲಿ ಎಷ್ಟೋ ಜನ ನೋಡೋಕೆ ಬಂದಿರ್ತೀರಿ. ಜನಜಾತ್ರೆ. ಬರದ ಸೀಮೆ ನಮ್ಮದು, ನೀರು ಬೇಡ ಅನ್ನೋನು ಯಾರು? ನಾನೂ ಖುಷಿ ಪಟ್ಟೆ. ಊರಿಗೆ ಹೋದ್ರೆ ಅವ್ವ ದಂಡೆ ಮೇಲೆ ಕೂತಿದ್ಲು. ನೀರಿನ ಕಡೆ ಕೈ ಮಾಡಿ "ನಿಮ್ಮಪ್ಪ ಅಲ್ಲಿದ್ದ" ಅಂದ್ಲು. ಜಾಲಿಯ ತುದಿ ಅಷ್ಟೇ ಕಾಣ್ತಿತ್ತು. ಅಪ್ಪನ ಕಲ್ಲು, ಅಜ್ಜಿಯ ಕಲ್ಲು, ಕೇರಿಯ ಅಷ್ಟೂ ಕಲ್ಲುಗಳು ನೀರಿನ ಅಡಿಗೆ ಹೋಗಿದ್ವು. ಅವ್ವ ಅಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳಿದ್ಲು: "ನಂಗೆ ನೀರು ಬರದ ಕಡೆ ಜಾಗ ಮಾಡ್ರಪ್ಪ. ನಂಗೊಬ್ಬಳಿಗೇ ಅಲ್ಲ, ಕೇರಿಗೆಲ್ಲ ಮಾಡ್ರಿ."

ಅವ್ವನ ಆ ಮಾತಿನಿಂದ ನಾನು ಮೂರು ಪ್ರಶ್ನೆ ಕಲಿತೆ. ಎಲ್ಲಿ? ಹೇಗೆ? ಎಷ್ಟರಲ್ಲಿ? ಒಂದೊಂದಾಗಿ ಹೇಳ್ತೀನಿ.

ಮೊದಲು, ಎಲ್ಲಿ.

ಹೂಳೋದೋ ಸುಡೋದೋ ಅಂತ ಆಮೇಲೆ ಜಗಳ ಆಡೋಣ. ಮೊದಲು ನೆಲ ಬೇಕು. ಅದು ಭಿಕ್ಷೆ ಅಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, 1976ರಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರು ಬದಲಾದದ್ದು, ಬಾವಿ ಕೆರೆ ದಾರಿಗಳ ಜೊತೆಗೇ ಸ್ಮಶಾನದ ಹೆಸರನ್ನೂ ಹೇಳುತ್ತೆ. ಅಸ್ಪೃಶ್ಯರು ಅಂತ ಅಲ್ಲಿಗೆ ಬಿಡದಿದ್ರೆ ಅಪರಾಧ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಯ್ತು, 2016ರ ಜನವರಿ 26ರಿಂದ ಜಾರಿಗೆ ಬಂತು. ಅದರಲ್ಲಿ ಎರಡು ಮಾತು ಬಾಯಿಪಾಠ ಮಾಡ್ಕೊಳ್ಳಿ. ಒಂದು: ಸ್ಮಶಾನವನ್ನ ಬೇರೆಯವರಿಗೆ ಸಮನಾಗಿ ಬಳಸೋಕೆ ನಮ್ಮನ್ನ ತಡೆಯೋದು ದೌರ್ಜನ್ಯ. ಎರಡು: ನಮ್ಮವರ ಕೈಲಿ ಹೆಣ ಹೊರಿಸೋದು, ಸತ್ತ ದನ ಎಳೆಸೋದು, ಗುಂಡಿ ತೋಡಿಸೋದು ಕೂಡ ದೌರ್ಜನ್ಯ. ನಮ್ಮಪ್ಪ ಜೀವಮಾನವೆಲ್ಲ ಮಾಡಿದ ಕೆಲಸಕ್ಕೆ ಕಾನೂನು ಕೊನೆಗೂ ಅಪರಾಧ ಅಂತ ಹೆಸರಿಟ್ಟಿತು. ಅಪರಾಧಿ ಅವನಲ್ಲ, ಮಾಡಿಸಿದವರು. ಸ್ಮಶಾನ ಇಲ್ಲದ ಊರುಗಳಿಗೆ ಜಾಗ ಕೊಡಿ ಅಂತ ನಮ್ಮ ಹೈಕೋರ್ಟು 2019ರಲ್ಲಿ ಸರ್ಕಾರಕ್ಕೆ ಆದೇಶವನ್ನೂ ಮಾಡಿದೆ.

ಆದರೆ ಆದೇಶ ತಾನಾಗಿ ನಡ್ಕೊಂಡು ಕೇರಿಗೆ ಬರಲ್ಲ. ನಾವು ಮಾಡಿದ್ದು ಇದು. ಗ್ರಾಮನಕ್ಷೆ ತೆಗೆಸಿದ್ವಿ. ಗೋಮಾಳ ಯಾವ ಸರ್ವೆ ನಂಬರಿನಲ್ಲಿದೆ, ಅದರಲ್ಲಿ ಎಷ್ಟು ಉಳಿದಿದೆ, ಯಾರು ಒತ್ತಿದ್ದಾರೆ ಅಂತ ನೋಡಿದ್ವಿ. ಇದನ್ನ ಮಾಡಿದವರು ನಿಮ್ಮ ಹಾಗೆ ಓದೋ ಹುಡುಗ ಹುಡುಗೀರೇ. ಕೇರಿಯವರೆಲ್ಲ ಹೆಬ್ಬೆಟ್ಟು, ಸಹಿ ಹಾಕಿ ತಹಸೀಲ್ದಾರರಿಗೆ ಅರ್ಜಿ ಕೊಟ್ವಿ. ನಕಲಿಗೆ ಸ್ವೀಕೃತಿ ಮೊಹರು ಹಾಕಿಸಿಕೊಂಡ್ವಿ. ಮೊಹರಿಲ್ಲದ ಅರ್ಜಿ ಕೊಟ್ಟದ್ದೂ ಒಂದೇ, ಒಲೆಗೆ ಹಾಕಿದ್ದೂ ಒಂದೇ. ಮೋಜಣಿದಾರರು ಬಂದ ದಿನ ಇಡೀ ಕೇರಿ ಹೋಗಿ ನಿಂತ್ವಿ. ಹದ್ದುಬಸ್ತಿನ ಕಲ್ಲು ಹಾಕಿಸಿದ್ವಿ. ಒಂದೂವರೆ ವರ್ಷ ಓಡಾಡಿದ ಮೇಲೆ ಪಹಣಿಯಲ್ಲಿ ಸ್ಮಶಾನ ಅಂತ ಬಂತು.

ಇಲ್ಲಿ ಎರಡು ಎಚ್ಚರ. ಜಾಗ ಬರೆದರೆ ಸಾಲದು, ಅಲ್ಲಿಗೆ ಹೋಗೋ ದಾರಿಯನ್ನೂ ನಕ್ಷೆಯಲ್ಲಿ ಬರೆಸಿ. ಜಾಗ ಕೊಟ್ಟು ದಾರಿಗೆ ಬೇಲಿ ಹಾಕೋದು ಹಳೇ ಉಪಾಯ. ಹೆಣ ಹೆಗಲ ಮೇಲೆ ಇರೋವಾಗ ಬೇಲಿ ಹತ್ರ ನಿಂತು ಕಾನೂನು ಮಾತಾಡೋಕೆ ಆಗಲ್ಲ. ಎರಡನೇದು, ಅರ್ಜಿಯಲ್ಲಿ ನಮ್ಮ ಕೇರಿಯವರಿಗೆ ಒಂದು ಸ್ಮಶಾನ ಅಂತ ಬರೀಬೇಡಿ. ನಾವು "ಸಾರ್ವಜನಿಕ ಸ್ಮಶಾನ" ಅಂತ ಬರೆದ್ವಿ. ನಮ್ಮಲ್ಲೇ ಕೆಲವರು ಒಪ್ಪಲಿಲ್ಲ. "ಅವರ ಪಕ್ಕದಲ್ಲಿ ಯಾಕೆ, ನಮ್ಮದು ನಮಗಿರಲಿ" ಅಂದ್ರು. ಅವರ ಮಾತಿನಲ್ಲೂ ನೋವಿತ್ತು, ಒಪ್ತೀನಿ. ಆದರೆ ಬದುಕಿದ್ದಾಗ ಊರು ಬೇರೆ ಕೇರಿ ಬೇರೆ, ಸತ್ತ ಮೇಲೂ ಬೇರೆ ಅಂತ ನಾವೇ ಸಹಿ ಹಾಕಿ ಕೊಡಬೇಕಾ? ಬರೋರು ಬರಲಿ, ಬಿಡೋರು ಬಿಡಲಿ. ಗೇಟು ಎಲ್ಲರಿಗೂ ತೆರೆದಿರಲಿ.

ಎರಡನೇದು, ಹೇಗೆ.

ಸುಡೋದು ಮೇಲು, ಹೂಳೋದು ಕೀಳು ಅನ್ನೋ ಮಾತು ಕೆಲವು ಕಡೆ ಹಬ್ಬಿದೆ. ನಾಲ್ಕು ಅಕ್ಷರ ಕಲಿತ ನಮ್ಮ ಹುಡುಗರೂ "ನಾವೂ ಸುಡೋಣ, ಮರ್ಯಾದೆ ಬರುತ್ತೆ" ಅಂತಾರೆ. ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಗೆ ಒಂದು ಸಲ ಹೋಗಿ ಬನ್ನಿ. ಅಶೋಕನ ಶಾಸನ ಇರೋ ಜಾಗ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ ಕಲ್ಲು ಚಪ್ಪಡಿ ನಿಲ್ಲಿಸಿ ಪೆಟ್ಟಿಗೆ ಹಾಗೆ ಕಟ್ಟಿದ ಗೋರಿಗಳು ಸಿಕ್ವು. ಒಳಗೆ ಮೂಳೆ, ಮಡಕೆ, ಕಬ್ಬಿಣದ ಸಾಮಾನು. ಎರಡು ಸಾವಿರ ವರ್ಷಕ್ಕೂ ಹಿಂದಿನವು. ಈ ಸೀಮೆಯ ಹಳೇ ಜನ ಹೂಳ್ತಿದ್ರು. ಲಿಂಗಾಯತರು ಹೂಳ್ತಾರೆ, ಮುಸಲ್ಮಾನರು, ಕ್ರಿಶ್ಚಿಯನ್ನರು ಹೂಳ್ತಾರೆ. ಅವರಿಗೆಲ್ಲ ಇಲ್ಲದ ಕೀಳು ನಮಗೆ ಮಾತ್ರ ಎಲ್ಲಿಂದ ಬಂತು?

ಬಾಬಾಸಾಹೇಬರು 1956ರ ಡಿಸೆಂಬರ್ 6ರಂದು ದೆಹಲಿಯಲ್ಲಿ ತೀರಿಕೊಂಡ್ರು. ದೇಹವನ್ನ ವಿಮಾನದಲ್ಲಿ ಮುಂಬಯಿಗೆ ತಂದು, ಮರುದಿನ ದಾದರಿನ ಸಮುದ್ರದ ದಂಡೆಯಲ್ಲಿ ಬೌದ್ಧ ರೀತಿಯಲ್ಲಿ ಸುಟ್ಟರು. ಅಲ್ಲೇ, ಚಿತೆಯ ಎದುರಿಗೇ, ಜನ ಸಾವಿರಗಟ್ಟಲೆ ಬೌದ್ಧ ದೀಕ್ಷೆ ತೊಗೊಂಡ್ರು. ಪೆರಿಯಾರರು 1973ರ ಡಿಸೆಂಬರ್ 24ರಂದು ತೀರಿಕೊಂಡಾಗ ಮದರಾಸಿನ ಪೆರಿಯಾರ್ ತಿಡಲಿನಲ್ಲಿ ಯಾವ ಪೂಜೆಯೂ ಇಲ್ಲದೆ ಹೂಳಿದ್ರು. ಒಬ್ಬರನ್ನ ಸುಟ್ಟರು, ಒಬ್ಬರನ್ನ ಹೂಳಿದ್ರು. ಇಬ್ಬರಲ್ಲಿ ಯಾರ ಮರ್ಯಾದೆ ಕಡಿಮೆ ಆಯ್ತು? ಮರ್ಯಾದೆ ಬೆಂಕಿಯಲ್ಲೂ ಇಲ್ಲ, ಮಣ್ಣಲ್ಲೂ ಇಲ್ಲ. ಬದುಕಿದ ರೀತಿಯಲ್ಲಿದೆ, ಕಳಿಸಿಕೊಡೋರ ರೀತಿಯಲ್ಲಿದೆ.

ಹಾಗಾದರೆ ಲೆಕ್ಕ ಹಾಕಿ ನೋಡಿ. ಒಂದು ಹೆಣ ಸುಡೋಕೆ ಮೂರ್ನಾಲ್ಕು ಕ್ವಿಂಟಾಲ್ ಸೌದೆ ಬೇಕು. ನಮ್ಮ ಬಯಲು ಸೀಮೆಯಲ್ಲಿ ಅದು ಕೊಂಡು ತರೋ ಮಾತು. ಊರಲ್ಲಿ ನೆಲ ಇದ್ದರೆ ಹೂಳೋದು ಸಲೀಸು, ಖರ್ಚು ಕಡಿಮೆ. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರು ಅಲ್ಲೇ ಸತ್ತರೆ ಅಲ್ಲಿನ ವಿದ್ಯುತ್ ಚಿತಾಗಾರ ಉಂಟು. ಗಾಡಿ ಬಾಡಿಗೆಗೆ ಸಾಲ ಮಾಡಿ ಊರಿಗೆ ತರಲೇಬೇಕು ಅಂತ ಇಲ್ಲ.

ಮೂರನೇ ದಾರಿಯೂ ಇದೆ. ಕಣ್ಣು ಕೊಡಬಹುದು. 2006ರಲ್ಲಿ ರಾಜಕುಮಾರ್ ಕೊಟ್ಟರು, 2021ರಲ್ಲಿ ಅವರ ಮಗ ಪುನೀತ್ ಕೊಟ್ಟರು. ಉಸಿರು ನಿಂತ ಆರು ಗಂಟೆಯೊಳಗೆ ಕಣ್ಣು ತೆಗೀಬೇಕು. ಅದಾದ ಮೇಲೆ ಹೂಳೋಕೆ, ಸುಡೋಕೆ ಏನೂ ಅಡ್ಡಿ ಇಲ್ಲ. ಇಡೀ ದೇಹವನ್ನ ವೈದ್ಯಕೀಯ ಕಾಲೇಜಿಗೆ ಕೊಡಬಹುದು. ಮುಂಚೆಯೇ ನಮೂನೆ ತುಂಬಿ, ಮನೆಯವರ ಒಪ್ಪಿಗೆ ಹಾಕಿಸಿ ಇಡಬೇಕು. ಪೋಸ್ಟ್‌ಮಾರ್ಟಂ ಆದ ದೇಹವನ್ನ ಸಾಮಾನ್ಯವಾಗಿ ತೊಗೊಳ್ಳಲ್ಲ. ಇದನ್ನ ಹೇಳಿದಾಗ ನಮ್ಮ ಕೇರಿಯ ಒಬ್ಬ ಅಜ್ಜ ಸಿಟ್ಟಾದ. "ಬಡವರ ಹೆಣ ಯಾವತ್ತೂ ಅವರೇ ಕೊಯ್ದಾರೆ, ಈಗ ನಾವೇ ಕೊಡಬೇಕಾ?" ಅಂದ. ಅವನ ಸಿಟ್ಟಿಗೆ ಕಾರಣ ಇದೆ. 1957ರ ಅಂಗರಚನಾ ಕಾಯ್ದೆ ಪ್ರಕಾರ ವಾರಸುದಾರರಿಲ್ಲದ ಹೆಣ ಕಾಲೇಜಿಗೆ ಹೋಗುತ್ತೆ. ವಾರಸುದಾರರಿಲ್ಲದ ಹೆಣ ಯಾರದ್ದು ಅಂತ ಬೇರೆ ಹೇಳಬೇಕಾ? ಆದರೆ ಕೇಳದೆ ತೊಗೊಂಡದ್ದು ಬೇರೆ, ನಾವಾಗಿ ಕೊಟ್ಟದ್ದು ಬೇರೆ. ನಮ್ಮ ಮಕ್ಕಳೂ ಡಾಕ್ಟರ್ ಓದ್ತಾ ಇದ್ದಾರೆ. ಇಷ್ಟ ಇದ್ದೋರು ಕೊಡಲಿ, ಇಲ್ಲದೋರನ್ನ ಬಲವಂತ ಮಾಡಬೇಡಿ.

ತಮಟೆ ಬಗ್ಗೆ ಕೇಳ್ತೀರಿ, ಗೊತ್ತು. ಬಿಟ್ಟಿಗೆ ಬೇರೆಯವರ ಹೆಣದ ಮುಂದೆ ತಮಟೆ ಬಡಿಯೋದು ನಿಲ್ಲಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಹಿರಿಯರನ್ನ ಕಳಿಸುವಾಗ ನಮ್ಮ ಹುಡುಗರು ತಾವಾಗಿ ಬಡಿದರೆ? ಕೆಲವರು ಅದೂ ಬೇಡ ಅಂತಾರೆ. ನಾನು ಬೇಡ ಅನ್ನಲ್ಲ. ಅವಮಾನ ಇದ್ದದ್ದು ಚರ್ಮದಲ್ಲಲ್ಲ, ಅಪ್ಪಣೆಯಲ್ಲಿ.

ಮೂರನೇದು, ಎಷ್ಟರಲ್ಲಿ.

ಹೆಣ ಹೂಳೋಕೆ ಸಾಲ ಆಗಲ್ಲ ಗೆಳೆಯರೆ, ತಿಥಿಗೆ ಸಾಲ ಆಗೋದು. ಸರ್ಕಾರ ಕೊಟ್ಟ ಎರಡೆಕರೆ ದರಖಾಸ್ತು ಜಮೀನು ಕೈಬಿಟ್ಟುಹೋದ ಮನೆಗಳನ್ನ ಕೇಳಿ ನೋಡಿ. ಮದುವೆ, ಕಾಯಿಲೆ, ತಿಥಿ, ಈ ಮೂರರಲ್ಲಿ ಒಂದು ಇದ್ದೇ ಇರುತ್ತೆ. ಮಂಜೂರಾದ ಜಮೀನು ಪರಭಾರೆ ಆಗಬಾರದು ಅಂತ 1978ರಲ್ಲಿ ಕಾಯ್ದೆ ಬಂತು. ಆದರೆ ಹನ್ನೊಂದನೇ ದಿನದ ಊಟಕ್ಕೆ ಕೈಚಾಚಿದವನಿಗೆ ಕಾಯ್ದೆ ನೆನಪಾಗೋದು ಜಮೀನು ಹೋದ ಮೇಲೆ. ನಾಗಪುರದಲ್ಲಿ 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಶ್ರಾದ್ಧ ಮಾಡಲ್ಲ, ಪಿಂಡ ಇಡಲ್ಲ ಅನ್ನೋದೂ ಒಂದು. ಅರ್ಥಶಾಸ್ತ್ರ ಓದಿದ ಮನುಷ್ಯ ಅವರು. ಸತ್ತವರ ಹೆಸರಲ್ಲಿ ಇದ್ದವರ ಗಂಟು ಹೋಗೋದು ಅವರಿಗೆ ಗೊತ್ತಿತ್ತು.

ಹಾಗಂತ ಏನೂ ಮಾಡಬೇಡಿ ಅಂದ್ರೆ ಜನ ಕೇಳಲ್ಲ. ದುಃಖಕ್ಕೆ ಒಂದು ದಿನ ಬೇಕು, ನಾಲ್ಕು ಜನ ಸೇರಬೇಕು. ನಾವು ಕೇರಿಯಲ್ಲಿ ಮನೆಗೆ ತಿಂಗಳಿಗೆ 20 ರೂಪಾಯಿ ಹಾಕೋ ಡಬ್ಬಿ ಇಟ್ಟಿದ್ದೀವಿ. ಯಾರ ಮನೇಲಿ ಸಾವಾದರೂ ಮೊದಲನೇ ದಿನದ ಖರ್ಚು ಅದರಿಂದ. ಚಟ್ಟದ ಬಿದಿರು, ಬಟ್ಟೆ, ಹೂವು, ಬಂದವರಿಗೆ ಟೀ. ಗುಂಡಿ ತೋಡೋಕೆ ಸರದಿ. ನೌಕರಿ ಮಾಡೋರೂ ಸರದಿಯಲ್ಲಿ ಇಳೀಬೇಕು. ಹನ್ನೊಂದನೇ ದಿನಕ್ಕೆ ಕುರಿ ಇಲ್ಲ, ಎಲ್ಲರೂ ಸೇರಿ ಒಂದು ಹೊತ್ತು ಅನ್ನ ಸಾರು ಉಂಡು, ಸತ್ತವರ ಬಗ್ಗೆ ನಾಲ್ಕು ಮಾತು.

ಅಳು ಮುಗಿಯೋ ಮುಂಚೆ ಯಾರಾದರೂ ಒಬ್ಬರು ಕಾಗದದ ಕೆಲಸ ನೋಡಬೇಕು. ಆ ಒಬ್ಬರು ನೀವಾಗಿ. 21 ದಿನದೊಳಗೆ ಮರಣ ನೋಂದಣಿ ಮಾಡಿಸಿ. ಆ ಪತ್ರ ಇಲ್ಲದೆ ವಿಧವಾ ವೇತನ ಇಲ್ಲ, ಪೌತಿ ಖಾತೆ ಇಲ್ಲ, ಬ್ಯಾಂಕಿನಲ್ಲಿದ್ದ ದುಡ್ಡೂ ಇಲ್ಲ. ಸತ್ತವರು ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ನೋಂದಾಯಿಸಿದ್ದರೆ ಅಲ್ಲಿಂದ ಸಹಾಯಧನ ಬರುತ್ತೆ, ಅರ್ಜಿ ಹಾಕಿ. ಹಾವು ಕಚ್ಚಿ, ಕರೆಂಟು ಹೊಡೆದು, ಕೆಲಸದ ಜಾಗದಲ್ಲಿ ಬಿದ್ದು ಸತ್ತವರನ್ನ ಅವಸರದಲ್ಲಿ ಹೂಳಬೇಡಿ. ಮೊದಲು ಪೊಲೀಸಿಗೆ ದೂರು, ಪೋಸ್ಟ್‌ಮಾರ್ಟಂ. "ಹೆಣ ಯಾಕೆ ಕೊಯ್ಯಿಸ್ತೀರಿ" ಅಂತ ಹಿರಿಯರು ಅಂತಾರೆ, ಸಮಾಧಾನವಾಗಿ ತಿಳಿಸಿ ಹೇಳಿ. ಮಲದ ಗುಂಡಿಗೆ ಇಳಿದು ಸತ್ತವರ ಮನೆಗೆ 10 ಲಕ್ಷ ಕೊಡಬೇಕು ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು, 2023ರಲ್ಲಿ ಅದನ್ನ 30 ಲಕ್ಷ ಮಾಡಿತು. ರಾತ್ರೋರಾತ್ರಿ ಹೂಳಿಸಿ ಕೈಗೆ ಹತ್ತು ಸಾವಿರ ಇಡೋ ಗುತ್ತಿಗೆದಾರರು ಇದ್ದಾರೆ. ಸಾಕ್ಷಿ ಮಣ್ಣಿನಡಿ ಹೋದಮೇಲೆ ನ್ಯಾಯವೂ ಹೋಯ್ತು.

ಕೊನೇದಾಗಿ ಅವ್ವನ ವಿಚಾರ.

ಅವ್ವ 2024ರಲ್ಲಿ ತೀರಿಕೊಂಡ್ಲು. ಜಾಗ ಆಗಿತ್ತು. ಏನೇನು ಮಾಡಬೇಕು ಅಂತ ಅವಳನ್ನೇ ಮುಂಚೆ ಕೇಳಿದ್ದೆ. ಕೇಳೋಕೆ ನಾಲಿಗೆ ಏಳಲಿಲ್ಲ, ಹೇಳೋಕೆ ಅವಳಿಗೆ ಕಷ್ಟ ಆಗಲಿಲ್ಲ. "ಸುಡಬ್ಯಾಡ್ರಿ. ದಾಸಯ್ಯ ಬ್ಯಾಡ. ಸಾಲ ಮಾಡಬ್ಯಾಡ್ರಿ, ನಿಮ್ಮಣ್ಣ ಮಾಡಿದ್ದು ಸಾಕು. ತಮಟೆ ಬಡೀರಿ. ಒಂದು ಮುದ್ದೆ ಎಡೆ ಇಡ್ರಿ" ಅಂದ್ಲು. ಎಡೆ ಅಂದಾಗ ನನಗೆ ಇರುಸುಮುರುಸಾಯ್ತು. ಸತ್ತವರು ಉಣ್ತಾರಾ? ಆದರೆ ಜೀವಮಾನವೆಲ್ಲ ಎಲ್ಲರಿಗೂ ಬಡಿಸಿ ಕೊನೆಗೆ ಉಂಡ ಹೆಂಗಸು ಅವಳು. ಒಂದು ಸಲ ಮೊದಲ ಮುದ್ದೆ ತನಗೆ ಬೇಕು ಅಂದ್ಲು. ಇಟ್ಟೆ. ವಿಚಾರವಾದ ಅಂದ್ರೆ ಅವ್ವನ ಬಾಯಿ ಮುಚ್ಚಿಸೋದಲ್ಲ.

ಹೆಂಗಸರು ಸ್ಮಶಾನಕ್ಕೆ ಬರಬಾರದು ಅಂತ ತಡೆಯೋರು ನಮ್ಮಲ್ಲೂ ಇದ್ದಾರೆ. ನನ್ನ ತಂಗಿ ಯಾರನ್ನೂ ಕೇಳಲಿಲ್ಲ, ಚಟ್ಟಕ್ಕೆ ಹೆಗಲು ಕೊಟ್ಟು ಗುಂಡಿ ತನಕ ನಡೆದಳು. ಅಣ್ಣ ಮೊದಲ ಹಿಡಿ ಮಣ್ಣು ಹಾಕಿದ. ಒಟ್ಟು ಖರ್ಚು 6000 ರೂಪಾಯಿ ಒಳಗೇ ಆಯ್ತು. ಅದರಲ್ಲಿ ಒಂದು ರೂಪಾಯಿಯೂ ಸಾಲ ಅಲ್ಲ. ಅಣ್ಣ ರಾತ್ರಿ ನನ್ನ ಪಕ್ಕ ಕೂತು ಕೇಳಿದ: "ಅಪ್ಪಂಗೂ ಹಿಂಗೇ ಮಾಡಬಹುದಿತ್ತೇನೋ?" ನನ್ನ ಹತ್ರ ಉತ್ತರ ಇರಲಿಲ್ಲ. ಮಾಡಬಹುದಿತ್ತು. ನಾನು ಬಾಯಿ ಬಿಟ್ಟಿದ್ದರೆ.

ರಜಾಕ್ಕೆ ಊರಿಗೆ ಹೋಗ್ತೀರಿ. ಮೂರು ಕೆಲಸ ಮಾಡ್ಕೊಂಡು ಬನ್ನಿ. ನಿಮ್ಮ ಕೇರಿಯ ಹೆಣ ಎಲ್ಲಿ ಹೂಳ್ತಾರೆ, ಆ ಜಾಗ ಪಹಣಿಯಲ್ಲಿ ಯಾರ ಹೆಸರಲ್ಲಿದೆ, ದಾರಿ ಇದೆಯಾ, ಬರ್ಕೊಂಡು ಬನ್ನಿ. ಕಳೆದ ತಿಥಿಗೆ ಮನೇಲಿ ಎಷ್ಟು ಸಾಲ ಆಯ್ತು, ತೀರಿತಾ ಇಲ್ವಾ, ಲೆಕ್ಕ ಬರ್ಕೊಂಡು ಬನ್ನಿ. ಮೂರನೇದು ಕಷ್ಟದ್ದು. ಅಪ್ಪ ಅವ್ವ ಅಜ್ಜ ಅಜ್ಜಿ ಹತ್ರ ಕೂತು, "ನಿಮ್ಮನ್ನ ಹೇಗೆ ಕಳಿಸಬೇಕು?" ಅಂತ ಕೇಳಿ. ಬೈದರೆ ಬೈಸಿಕೊಳ್ಳಿ. ಕೇಳದೆ ಬಂದರೆ ಆ ದಿನ ಊರಿನವರು ಬಂದು ತೀರ್ಮಾನ ಮಾಡ್ತಾರೆ, ಸಾಹುಕಾರ ದುಡ್ಡು ಎಣಿಸ್ತಾನೆ.

2025ರ ಜನವರಿಯಲ್ಲಿ ಕಟ್ಟೆ ಮೂರನೇ ಸಲ ಕೋಡಿ ಬಿತ್ತು. ಅವತ್ತೂ ದಂಡೆಗೆ ಹೋಗಿದ್ದೆ. ಅಪ್ಪನ ಕಲ್ಲು ನೀರಿನಡಿ ಇತ್ತು. ಅಲ್ಲಿಂದ ಮೇಲೆ ಹತ್ತಿ ಅವ್ವನ ಹತ್ರ ಹೋದೆ. ಅವಳ ಮಣ್ಣು ಒಣಗಿತ್ತು. ಅವಳ ಜಾಗ ಪಹಣಿಯಲ್ಲೂ ಇತ್ತು.